ಮೂವತ್ತರಲ್ಲಿ ಸಿಕ್ಕ ಪಾಸ್‌ಪೋರ್ಟ್: ಅರಾತಾ ಇಜುಮಿಯ ಆಟದ ಲೆಕ್ಕಾಚಾರ

2013ರ ಫೆಬ್ರುವರಿ 6ರಂದು ಕೊಚ್ಚಿಯಲ್ಲಿ ಭಾರತ ಮತ್ತು ಪ್ಯಾಲೆಸ್ಟೀನ್ ತಂಡಗಳ ನಡುವೆ ಒಂದು ಸೌಹಾರ್ದ ಪಂದ್ಯ ನಡೆಯಿತು. ಭಾರತ 2–4ರಿಂದ ಸೋತಿತು. ಆ ಕಾಲದ ಭಾರತ ಫುಟ್‌ಬಾಲ್ ತಂಡ ಇಂಥ ಪಂದ್ಯ ಸೋತರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಆದರೂ ಆ ಪಂದ್ಯ ದಾಖಲೆ ಪುಸ್ತಕದಲ್ಲಿ ಉಳಿದುಕೊಂಡಿದೆ. ಕಾರಣ, ಜಪಾನಿನ ಪ್ರಜೆಯಾಗಿ ಈ ದೇಶಕ್ಕೆ ಬಂದು, ಆ ಪೌರತ್ವವನ್ನು ಬಿಟ್ಟುಕೊಟ್ಟು, ಭಾರತೀಯನಾದ ಆಟಗಾರನೊಬ್ಬ ಅಂದು ಮೊದಲ ಸಲ ನೀಲಿ ಅಂಗಿ ತೊಟ್ಟಿದ್ದರು. ಹೆಸರು ಅರಾತಾ ಇಜುಮಿ. ತಂದೆಯ ಕಡೆಯಿಂದ ಬಂದ ಹೆಸರು ನೀಲಕಂಠ ಖಂಭೋಲ್ಜಾ. ಆಗ ಅವರಿಗೆ ಮೂವತ್ತು ವರ್ಷ.

ಹನ್ನೆರಡು ವರ್ಷಗಳ ಬಳಿಕ, 2025ರ ನವೆಂಬರ್‌ನಲ್ಲಿ, ಬೆಂಗಳೂರಿನಲ್ಲಿ ಸುನಿಲ್ ಚೆಟ್ರಿ ತಮ್ಮ ಕ್ಲಬ್ ಬೆಂಗಳೂರು ಎಫ್‌ಸಿಯ ಜೊತೆಗಾರ ರಯಾನ್ ವಿಲಿಯಮ್ಸ್ ಅವರ ಕೈಗೆ ಭಾರತದ ಪಾಸ್‌ಪೋರ್ಟ್ ಇಟ್ಟರು. ವಿಲಿಯಮ್ಸ್ ಹುಟ್ಟಿದ್ದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ತಾಯಿ ಮುಂಬೈಯ ಆಂಗ್ಲೋ ಇಂಡಿಯನ್ ಮನೆತನದವರು. ಆಸ್ಟ್ರೇಲಿಯಾದ ಪರ 2019ರಲ್ಲಿ ಒಂದು ಸೌಹಾರ್ದ ಪಂದ್ಯವನ್ನೂ ಆಡಿದ್ದವರು. 2023ರಿಂದ ಕಂಠೀರವದ ಪ್ರೇಕ್ಷಕರಿಗೆ ಪರಿಚಿತ ಮುಖ. ಪಾಸ್‌ಪೋರ್ಟ್ ಸಿಕ್ಕಾಗ ವಯಸ್ಸು ಮೂವತ್ತೆರಡು.

ಈ ಎರಡು ವಯಸ್ಸುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ವಿದೇಶದಲ್ಲಿ ಹುಟ್ಟಿ ಬೆಳೆದ ಭಾರತೀಯ ಮೂಲದವರನ್ನು ತಂಡಕ್ಕೆ ತಂದರೆ ನಮ್ಮ ಫುಟ್‌ಬಾಲ್ ಉದ್ಧಾರವಾಗುತ್ತದೆಯೇ ಎಂಬ ಚರ್ಚೆ ಈಗ ಮತ್ತೆ ಬಿಸಿಯೇರಿದೆ. ಪರವಾಗಿ ಮಾತಾಡುವವರು ದೇಶಭಕ್ತಿಯ ಮಾತಾಡುತ್ತಾರೆ, ವಿರೋಧಿಸುವವರೂ ಅದನ್ನೇ ಆಡುತ್ತಾರೆ. ಅರಾತಾ ಅವರ ಆಟದ ಬದುಕನ್ನು ಕೊನೆಯವರೆಗೆ ಹಿಂಬಾಲಿಸಿದರೆ ಕಾಣುವುದು ಬೇರೆಯೇ ಸಂಗತಿ. ನಮ್ಮ ಕಾನೂನಿನ ಬಲೆಯ ಕಣ್ಣು ಯಾವ ಅಳತೆಯದ್ದೆಂದರೆ, ಅದಕ್ಕೆ ಸಿಕ್ಕುವುದು ಮೂವತ್ತು ದಾಟಿದ ಮೀನು ಮಾತ್ರ.

ಅರಾತಾ 1982ರಲ್ಲಿ ಜಪಾನಿನ ಯಾಮಾಗುಚಿಯಲ್ಲಿ ಹುಟ್ಟಿದರು. ತಾಯಿ ಜಪಾನಿ, ತಂದೆ ಗುಜರಾತಿ ಮೂಲದವರು. 1993ರ ಮೇ ತಿಂಗಳಲ್ಲಿ ಹತ್ತು ಕ್ಲಬ್‌ಗಳೊಂದಿಗೆ ಜೆ ಲೀಗ್ ಆರಂಭವಾದಾಗ ಅವರಿಗೆ ಇನ್ನೂ ಹನ್ನೊಂದು ತುಂಬಿರಲಿಲ್ಲ. ಅಂದರೆ ವೃತ್ತಿಪರ ಫುಟ್‌ಬಾಲ್ ಜಪಾನಿನಲ್ಲಿ ಬೇರುಬಿಟ್ಟ ಕಾಲದಲ್ಲೇ ಬೆಳೆದ ಮೊದಲ ತಲೆಮಾರಿನ ಹುಡುಗ. ಆ ತಲೆಮಾರಿನಿಂದ ಯುರೋಪಿಗೆ ಹೋದವರ ಹೆಸರು ನಮಗೆ ಗೊತ್ತು. ಗೊತ್ತಿಲ್ಲದ ಇನ್ನೊಂದು ಗುಂಪಿದೆ. ಶಾಲೆ, ವಿಶ್ವವಿದ್ಯಾಲಯ, ಕ್ಲಬ್ ಹೀಗೆ ಎಲ್ಲ ಕಡೆ ಚೆನ್ನಾಗಿ ತರಬೇತಾದ ಹುಡುಗರನ್ನು ಜಪಾನ್ ತನ್ನ ಮೇಲಿನ ಲೀಗ್ ಹಿಡಿಸುವುದಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ತಯಾರು ಮಾಡಿತು. ಜಾಗ ಸಿಗದವರು ಚೀಲ ಹೆಗಲಿಗೇರಿಸಿ ಏಷ್ಯಾದ ಉದ್ದಗಲಕ್ಕೆ ಹೊರಟರು. ಆಲ್ಬಿರೆಕ್ಸ್ ನಿಗಾಟಾ ಎಂಬ ಜಪಾನಿ ಕ್ಲಬ್ 2004ರಲ್ಲಿ ಸಿಂಗಪುರದ ಲೀಗ್‌ನಲ್ಲೇ ತನ್ನದೊಂದು ಶಾಖೆ ತೆರೆದು, ಜಪಾನಿ ಹುಡುಗರನ್ನೇ ಕಟ್ಟಿಕೊಂಡು ಆಡತೊಡಗಿತು. ಅರಾತಾ ಅಲ್ಲಿ ಆಡಿದವರು. 2006ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು.

ಭಾರತಕ್ಕೆ ಹೀಗೆ ಬಂದ ಜಪಾನಿ ಅವರೊಬ್ಬರೇ ಅಲ್ಲ. 2010–11ರಲ್ಲಿ ಗೋವಾದ ಸಾಲ್ಗಾಂವ್ಕರ್ ಆಗಿನ ದೇಶದ ಅಗ್ರ ಲೀಗ್ ಆಗಿದ್ದ ಐ ಲೀಗ್ ಗೆದ್ದಾಗ ಆ ತಂಡದಲ್ಲಿ ರ್‍ಯೂಜಿ ಸುಯೊಕಾ ಇದ್ದರು. 2015ರ ಮೇ 31ರಂದು ಕಂಠೀರವದಲ್ಲಿ ಗೆದ್ದರೆ ಬೆಂಗಳೂರು ಎಫ್‌ಸಿಗೆ ಪ್ರಶಸ್ತಿ, ಡ್ರಾ ಆದರೂ ಮೋಹನ್ ಬಾಗಾನ್‌ಗೆ ಎಂಬ ಪಂದ್ಯ ನಡೆಯಿತಲ್ಲ, ಜಾನ್ ಜಾನ್ಸನ್ ಹೊಡೆದ ಗೋಲಿನ ಸಂಭ್ರಮದಲ್ಲಿದ್ದ ಪ್ರೇಕ್ಷಕರ ಬಾಯಿಯನ್ನು 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ಕಟ್ಟಿಸಿದರಲ್ಲ, ಆ ಬಾಗಾನ್ ತಂಡದ ಇಂಜಿನ್ ಕಾತ್ಸುಮಿ ಯೂಸಾ ಕೂಡ ಜಪಾನಿ. ಅಂದು ಗ್ಯಾಲರಿಯಲ್ಲಿದ್ದ ನಮ್ಮೂರಿನವರು ಆ ಹೆಸರನ್ನು ಪ್ರೀತಿಯಿಂದ ನೆನೆಯುವುದಿಲ್ಲ, ಅದು ಬೇರೆ ಮಾತು. ಇವರಲ್ಲಿ ಯಾರೂ ದೊಡ್ಡ ತಾರೆಗಳಲ್ಲ. ಓಡುವುದನ್ನು ನಿಲ್ಲಿಸದ, ಚೆಂಡು ಸಿಕ್ಕ ಕೂಡಲೇ ಯಾರಿಗೆ ಕೊಡಬೇಕೆಂದು ಮೊದಲೇ ನೋಡಿಟ್ಟುಕೊಂಡ, ಕಸುಬು ಬಲ್ಲ ಆಟಗಾರರು.

ಇಲ್ಲಿ ಒಂದು ಸಣ್ಣ ಲೆಕ್ಕ ಹೇಳಬೇಕು, ಇಡೀ ಕಥೆಯ ಕೀಲು ಅಲ್ಲಿದೆ. ಆಗಿನ ಐ ಲೀಗ್‌ನಲ್ಲಿ ಕ್ಲಬ್ ಒಂದಕ್ಕೆ ನಾಲ್ವರು ವಿದೇಶಿಯರು. ಅವರಲ್ಲಿ ಒಬ್ಬರು ಏಷ್ಯಾದವರಾಗಿರಬೇಕು. ನೈಜೀರಿಯಾ, ಬ್ರೆಜಿಲ್‌ನ ಸ್ಟ್ರೈಕರ್‌ಗಳು ಉಳಿದ ಮೂರು ಜಾಗ ಹಿಡಿದರೆ ಏಷ್ಯಾದ ಆ ನಾಲ್ಕನೆಯ ಕುರ್ಚಿ ಜಪಾನಿಗಳಂಥವರಿಗೆ ಅನ್ನದ ಬಟ್ಟಲು. ಆದರೆ ಕುರ್ಚಿ ಒಂದೇ. ಒಂದು ಋತುವಿನಲ್ಲಿ ಗಾಯವಾದರೆ, ಅಥವಾ ತರಬೇತುದಾರನಿಗೆ ಉಜ್ಬೇಕಿಸ್ತಾನದಿಂದ ಇನ್ನೊಬ್ಬ ಇಷ್ಟವಾದರೆ, ಗಂಟುಮೂಟೆ ಕಟ್ಟಬೇಕು. ಅದೇ ಆಟಗಾರ ಭಾರತದ ಪ್ರಜೆಯಾದ ದಿನ ಈ ಕುರ್ಚಿಯ ಆಟದಿಂದಲೇ ಹೊರಬರುತ್ತಾನೆ. ಕ್ಲಬ್‌ಗೆ ವಿದೇಶಿ ಗುಣಮಟ್ಟದ ಐದನೆಯವನು ಸಿಕ್ಕಂತಾಯಿತು, ಆಟಗಾರನಿಗೆ ನೆಲೆ ಸಿಕ್ಕಂತಾಯಿತು.

ಅರಾತಾ ಈಸ್ಟ್ ಬೆಂಗಾಲ್‌ನಿಂದ ಮುಂಬೈಯ ಮಹೀಂದ್ರ ಯುನೈಟೆಡ್‌ಗೆ ಹೋದರು. 2009ರಲ್ಲಿ ಪುಣೆ ಎಫ್‌ಸಿ ಸೇರಿದರು. ಬಾಲೇವಾಡಿಯ ಆ ದೊಡ್ಡ, ಬಹುಪಾಲು ಖಾಲಿ ಕ್ರೀಡಾಂಗಣದಲ್ಲಿ ಅವರ ಅತ್ಯುತ್ತಮ ವರ್ಷಗಳು ಕಳೆದವು. ಮುಂದಿನ ಸ್ಟ್ರೈಕರ್‌ನ ಬೆನ್ನಿಗೆ, ಎದುರಾಳಿಯ ಮಧ್ಯಾಟಗಾರರಿಗೂ ರಕ್ಷಕರಿಗೂ ನಡುವೆ ಉಳಿಯುವ ಆ ಹತ್ತು ಹೆಜ್ಜೆ ಜಾಗದಲ್ಲಿ ಆಡುವುದು ಅವರ ಕೆಲಸ. 2012ರಲ್ಲಿ ಭಾರತದ ಪೌರತ್ವ ಬಂತು. ಆ ಋತುವಿನಲ್ಲೇ ಪುಣೆ ಐ ಲೀಗ್‌ನಲ್ಲಿ ಚರ್ಚಿಲ್ ಬ್ರದರ್ಸ್ ನಂತರ ಎರಡನೇ ಸ್ಥಾನಕ್ಕೇರಿತು. ಅದಕ್ಕೆ ಇದೊಂದೇ ಕಾರಣ ಎನ್ನಲಾಗದು. ಆದರೆ ವಿದೇಶಿಯರ ಪಟ್ಟಿಯಿಂದ ಸ್ವದೇಶಿಯರ ಪಟ್ಟಿಗೆ ಒಂದು ಹೆಸರು ಸರಿದರೆ ತಂಡಕ್ಕೆ ಏನಾಗುತ್ತದೆ ಎಂಬುದು ಲೀಗ್‌ನ ಎಲ್ಲ ವ್ಯವಸ್ಥಾಪಕರಿಗೂ ಗೊತ್ತಾಯಿತು.

ರಾಷ್ಟ್ರೀಯ ತಂಡಕ್ಕೆ ಏನಾಯಿತು? ಹೇಳಿಕೊಳ್ಳುವಂಥದ್ದೇನಿಲ್ಲ. ಡಚ್ ತರಬೇತುದಾರ ವಿಮ್ ಕೂವರ್‌ಮನ್ಸ್ ಅರಾತಾ ಅವರನ್ನು ತಂಡಕ್ಕೆ ಕರೆದುಕೊಂಡರು. 2013ರ ಮಾರ್ಚ್‌ನಲ್ಲಿ ಭಾರತ ಏಷ್ಯಾ ಮಟ್ಟದ ಎಎಫ್‌ಸಿ ಚಾಲೆಂಜ್ ಕಪ್‌ಗೆ ಅರ್ಹತೆ ಪಡೆಯಲಿಲ್ಲ. ಸೆಪ್ಟೆಂಬರ್‌ನಲ್ಲಿ ಕಠ್ಮಂಡುವಿನಲ್ಲಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಟೂರ್ನಿಯ ಫೈನಲ್‌ನಲ್ಲಿ ಅಫ್ಗಾನಿಸ್ತಾನಕ್ಕೆ 0–2ರಿಂದ ಸೋತಿತು. ಅರಾತಾ ಭಾರತದ ಪರ ಆಡಿದ ಒಟ್ಟು ಪಂದ್ಯಗಳು ಎರಡಂಕಿ ಮುಟ್ಟಲಿಲ್ಲ, ಅವರ ಹೆಸರಿನಲ್ಲಿ ಒಂದೂ ಗೋಲಿಲ್ಲ. 2015ರ ಮಾರ್ಚ್ ಹೊತ್ತಿಗೆ ಭಾರತ ಫಿಫಾ ಪಟ್ಟಿಯಲ್ಲಿ 173ನೇ ಸ್ಥಾನಕ್ಕೆ ಇಳಿದಿತ್ತು. ಅದಕ್ಕಿಂತ ಕೆಳಗೆ ನಾವು ಯಾವತ್ತೂ ಹೋದದ್ದಿಲ್ಲ. ಒಬ್ಬ ಮಧ್ಯಾಟಗಾರ ಬಂದು ತಡೆಯಬಹುದಾದ ಜಾರುವಿಕೆ ಅದಾಗಿರಲಿಲ್ಲ.

ಲಾಭವಾದದ್ದು ಕ್ಲಬ್ ಆಟಕ್ಕೆ. 2015ರಲ್ಲಿ, ಐ ಲೀಗ್‌ನಿಂದ ಪ್ರತ್ಯೇಕವಾಗಿ ನಡೆಯುತ್ತಿದ್ದ ಇಂಡಿಯನ್ ಸೂಪರ್ ಲೀಗ್ ಹತ್ತು ಭಾರತೀಯ ಆಟಗಾರರನ್ನು ಹರಾಜಿಗಿಟ್ಟಿತು. ಚೆಟ್ರಿ ಅವರನ್ನು ಮುಂಬೈ 1.20 ಕೋಟಿ ರೂಪಾಯಿಗೂ ಯುಜಿನ್‌ಸನ್ ಲಿಂಗ್ಡೊ ಅವರನ್ನು ಪುಣೆ 1.05 ಕೋಟಿಗೂ ಕೊಂಡವು. ಐ ಲೀಗ್‌ನಲ್ಲಿ ಇಬ್ಬರೂ ಬೆಂಗಳೂರು ಎಫ್‌ಸಿ ಆಟಗಾರರು. ಆ ಹತ್ತು ಹೆಸರುಗಳಲ್ಲಿ ಅರಾತಾ ಅವರದ್ದೂ ಒಂದು. ಅವರನ್ನು ಕೋಲ್ಕತ್ತ ಕೊಂಡಿತು. ಆ ಅಕ್ಟೋಬರ್ 13ರ ಸಂಜೆ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಪೆಲೆ ಕುಳಿತು ನೋಡುತ್ತಿದ್ದರು. ಎದುರಾಳಿ ಕೇರಳ ಬ್ಲಾಸ್ಟರ್ಸ್. ಪಂದ್ಯದ ಮೊದಲ ಗೋಲು ಅರಾತಾ ಅವರದ್ದು. ಕೋಲ್ಕತ್ತ 2–1ರಿಂದ ಗೆದ್ದಿತು. ಪಂದ್ಯದ ಯಾದಿಯಲ್ಲಿ ಆ ಗೋಲಿನ ಮುಂದೆ ಮೂಡಿದ್ದು ಭಾರತದ ಬಾವುಟ. ಒಂಬತ್ತು ವರ್ಷ ಹಿಂದೆ ಅದೇ ಊರಿಗೆ ವಿದೇಶಿಯಾಗಿ ಬಂದಿಳಿದಿದ್ದ ಮನುಷ್ಯ. ಅವರ ವೃತ್ತಿಯ ಒಂದು ಕ್ಷಣವನ್ನು ಮಾತ್ರ ಆರಿಸಿಕೊಳ್ಳಿ ಎಂದರೆ ನಾನು ಕೊಚ್ಚಿಯ ಆ ಸೌಹಾರ್ದ ಪಂದ್ಯವನ್ನು ಬಿಟ್ಟು ಇದನ್ನೇ ಆರಿಸುತ್ತೇನೆ.

ಈಗ ಕಾನೂನಿಗೆ ಬರೋಣ. ಸಂವಿಧಾನದ 9ನೇ ವಿಧಿ ಮತ್ತು 1955ರ ಪೌರತ್ವ ಕಾಯ್ದೆ ಒಂದೇ ಮಾತು ಹೇಳುತ್ತವೆ: ಇನ್ನೊಂದು ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದವರು ಭಾರತೀಯರಾಗಿ ಉಳಿಯುವುದಿಲ್ಲ. 2005ರ ತಿದ್ದುಪಡಿಯ ನಂತರ ವಿಸ್ತಾರವಾಗಿ ಸಿಗತೊಡಗಿದ ಸಾಗರೋತ್ತರ ಪ್ರಜೆ ಎಂಬ ಒಸಿಐ ಕಾರ್ಡ್‌ಗೆ ಪೌರತ್ವದ ಹೆಸರಿದೆಯೇ ಹೊರತು ಪೌರತ್ವವಿಲ್ಲ. 2008ರ ಕೊನೆಯಲ್ಲಿ ಕ್ರೀಡಾ ಸಚಿವಾಲಯ ಭಾರತದ ಪಾಸ್‌ಪೋರ್ಟ್ ಇದ್ದವರು ಮಾತ್ರ ಭಾರತವನ್ನು ಪ್ರತಿನಿಧಿಸಬಹುದು ಎಂದು ಗೆರೆ ಎಳೆಯಿತು. ಅಲ್ಲಿಯವರೆಗೆ ಅಮೆರಿಕದ ಪಾಸ್‌ಪೋರ್ಟ್ ಹಿಡಿದೇ ಟೆನಿಸ್‌ನ ಡೇವಿಸ್ ಕಪ್‌ನಲ್ಲಿ ಭಾರತಕ್ಕೆ ಆಡುತ್ತಿದ್ದ ಪ್ರಕಾಶ್ ಅಮೃತರಾಜ್ ಅಂಥವರ ದಾರಿ ಅಲ್ಲಿಗೆ ಮುಚ್ಚಿತು.

ಆ 2008ರ ಆದೇಶ ಹಿಂತೆಗೆದುಕೊಂಡರೆ ಫುಟ್‌ಬಾಲ್ ಸಮಸ್ಯೆ ಬಗೆಹರಿಯುತ್ತದೆ ಎಂದು ಹಲವರು ಬರೆಯುತ್ತಾರೆ. ಇದು ಅರ್ಧ ಸತ್ಯ. ಟೆನಿಸ್‌ನ ಮಾತು ಹಾಗಿರಲಿ, ಫಿಫಾ ನಿಯಮ ಕೇಳುವುದು ಆ ದೇಶದ ರಾಷ್ಟ್ರೀಯತೆಯನ್ನು. ಒಸಿಐ ಕಾರ್ಡ್ ಹಿಡಿದು ಹೋದ ಆಟಗಾರನನ್ನು ನಮ್ಮ ಸಚಿವಾಲಯ ಒಪ್ಪಿದರೂ ಫಿಫಾ ಒಪ್ಪುವುದಿಲ್ಲ. ಹಾಗಾಗಿ ಫುಟ್‌ಬಾಲ್‌ಗೆ ಇರುವ ದಾರಿ ಎರಡೇ: ಸಂವಿಧಾನದ ಮಟ್ಟದಲ್ಲಿ ದ್ವಿಪೌರತ್ವ, ಇಲ್ಲವೇ ಆಟಗಾರನೇ ತನ್ನ ಹಳೆಯ ಪಾಸ್‌ಪೋರ್ಟ್ ಬಿಡುವುದು. ಒಂದು ಚೆಂಡಿಗಾಗಿ ಸಂವಿಧಾನ ತಿದ್ದಿ ಎನ್ನುವ ಧೈರ್ಯ ನನಗಂತೂ ಇಲ್ಲ. ಉಳಿಯುವುದು ಎರಡನೆಯದು.

ಅದನ್ನು ಇಪ್ಪತ್ತೆರಡರ ಹುಡುಗನ ಕಣ್ಣಿನಿಂದ ನೋಡಿ. ಇಂಗ್ಲೆಂಡಿನಲ್ಲಿ ಹುಟ್ಟಿದ ಭಾರತೀಯ ಮೂಲದ ಹುಡುಗ, ಎರಡನೆಯದೋ ಮೂರನೆಯದೋ ದರ್ಜೆಯ ಲೀಗ್‌ನಲ್ಲಿ ಆಡುತ್ತಿದ್ದಾನೆ ಎನ್ನಿ. ಬ್ರಿಟಿಷ್ ಪಾಸ್‌ಪೋರ್ಟ್ ಬಿಟ್ಟ ಮರುಕ್ಷಣ ಅವನು ಅಲ್ಲಿ ವಿದೇಶಿ ಆಟಗಾರ. ಕೆಲಸದ ಪರವಾನಗಿಗೆ ಅಂಕಗಳ ಪದ್ಧತಿಯಿದೆ, ಅದರಲ್ಲಿ ರಾಷ್ಟ್ರೀಯ ತಂಡದ ಪರ ಆಡಿದ್ದಕ್ಕೆ ಅಂಕ ಸಿಗುವುದು ಆ ತಂಡ ಫಿಫಾ ಪಟ್ಟಿಯ ಮೊದಲ ಐವತ್ತರೊಳಗಿದ್ದರೆ. ಭಾರತ ಅದರ ಹತ್ತಿರವೂ ಇಲ್ಲ. ಅಂದರೆ ಭಾರತಕ್ಕೆ ಆಡುವ ಹಕ್ಕು ಪಡೆದ ಹುಡುಗ ಇಂಗ್ಲೆಂಡಿನಲ್ಲಿ ಆಡುವ ಹಕ್ಕನ್ನು ಕಳೆದುಕೊಳ್ಳುತ್ತಾನೆ. ನಾವು ಅವನನ್ನು ಕರೆಯುವುದೇ ಅವನು ಅಲ್ಲಿ ಆಡುತ್ತಾನೆ ಎಂಬ ಕಾರಣಕ್ಕೆ! ಲಿವರ್‌ಪೂಲ್ ಅಕಾಡೆಮಿಯಲ್ಲಿ ಕಲಿತು ಬ್ರಿಟನ್ನಿನ ಕ್ಲಬ್‌ಗಳಲ್ಲಿ ಆಡಿದ ಯಾನ್ ಧಂಡಾ ಭಾರತದ ಅಂಗಿ ತೊಡುವ ಆಸೆಯನ್ನು ಮುಚ್ಚಿಟ್ಟವರಲ್ಲ. ನ್ಯೂಕ್ಯಾಸಲ್‌ನ ಸ್ಟ್ರೈಕರ್ ಆಗಿದ್ದ ಮೈಕೆಲ್ ಚೋಪ್ರಾ ಕೂಡ ಅವರಿಗಿಂತ ಮುಂಚೆಯೇ ಆ ಆಸೆ ಹೇಳಿಕೊಂಡಿದ್ದರು. ಇಬ್ಬರೂ ನಿಂತದ್ದು ಪಾಸ್‌ಪೋರ್ಟ್‌ನ ಹೊಸ್ತಿಲಲ್ಲೇ. ಅವರನ್ನು ದೂರುವುದು ಹೇಗೆ?

ಇದರ ಮೇಲೆ ವಾಸದ ಷರತ್ತು. ಒಸಿಐ ಕಾರ್ಡ್ ಪಡೆದವರು ಪೌರತ್ವಕ್ಕೆ ಅರ್ಜಿ ಹಾಕಲು ಸ್ಥೂಲವಾಗಿ ಐದು ವರ್ಷ ಕಾದಿರಬೇಕು, ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ಭಾರತದಲ್ಲೇ ವಾಸವಾಗಿರಬೇಕು. ಯುರೋಪಿನಲ್ಲಿ ಆಡುತ್ತಿರುವ ಯಾವ ಯುವಕ ಬಂದು ಒಂದು ವರ್ಷ ಇಲ್ಲಿ ಕೂರುತ್ತಾನೆ?

ಹಾಗಾದರೆ ಈ ಲೆಕ್ಕ ಸರಿಹೊಂದುವುದು ಯಾರಿಗೆ? ಈಗಾಗಲೇ ಭಾರತದ ಲೀಗ್‌ನಲ್ಲೇ ದುಡಿಯುತ್ತಿರುವವರಿಗೆ. ಹುಟ್ಟಿದ ದೇಶದ ರಾಷ್ಟ್ರೀಯ ತಂಡ ಇನ್ನು ಕರೆಯುವುದಿಲ್ಲ ಎಂದು ಖಾತ್ರಿಯಾದವರಿಗೆ. ಮುಂದಿನ ಮೂರು ನಾಲ್ಕು ವರ್ಷಗಳ ಅನ್ನ ಇಲ್ಲಿಯೇ ಇದೆ ಎಂದು ತಿಳಿದವರಿಗೆ. ವಿದೇಶಿ ಕುರ್ಚಿ ಖಾಲಿ ಮಾಡಿದರೆ ಕ್ಲಬ್‌ಗೂ ಅನುಕೂಲ, ತನಗೂ ಅನುಕೂಲ ಎಂಬ ಸ್ಥಿತಿಯಲ್ಲಿರುವವರಿಗೆ. ಅರಾತಾ ಮೂವತ್ತರಲ್ಲಿ ಹಾಗಿದ್ದರು, ವಿಲಿಯಮ್ಸ್ ಮೂವತ್ತೆರಡರಲ್ಲಿ. ಇದರಲ್ಲಿ ಅವರ ಪ್ರಾಮಾಣಿಕತೆಯನ್ನು ಶಂಕಿಸುವ ಪ್ರಶ್ನೆಯೇ ಇಲ್ಲ. ಹುಟ್ಟಿನಿಂದ ಬಂದ ಪಾಸ್‌ಪೋರ್ಟ್ ಹಿಂತಿರುಗಿಸಲು ಕೂಡುವ ಕಳೆಯುವ ಲೆಕ್ಕವೊಂದೇ ಸಾಲದು, ಮನಸ್ಸೂ ಬೇಕು. ನಾನು ಹೇಳುತ್ತಿರುವುದು ಇಷ್ಟೇ: ನಮ್ಮ ನಿಯಮಗಳು ಆಟಗಾರನ ಮಾಗುವ ವರ್ಷಗಳನ್ನು ಬೇರೆಯವರಿಗೆ ಬಿಟ್ಟು, ಸಂಜೆಯ ಹೊತ್ತಿನ ಅವನನ್ನು ನಮ್ಮ ಕೈಗೆ ಕೊಡುತ್ತವೆ.

ನೆರೆಹೊರೆ ಏನು ಮಾಡುತ್ತಿದೆ ನೋಡಿದರೆ ಈ ವಿಷಯ ಇನ್ನಷ್ಟು ಕುತೂಹಲಕರ. ಬಾಂಗ್ಲಾದೇಶ ದ್ವಿಪೌರತ್ವಕ್ಕೆ ಅವಕಾಶ ಕೊಟ್ಟ ದೇಶ. ಲೆಸ್ಟರ್ ಸಿಟಿಯ ಹಮ್ಜಾ ಚೌಧರಿ ಬ್ರಿಟಿಷ್ ಪಾಸ್‌ಪೋರ್ಟ್ ಇಟ್ಟುಕೊಂಡೇ ತಾಯಿಯ ನಾಡಿನ ತಂಡ ಸೇರಿದರು. 2025ರ ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಅವರ ಮೊದಲ ಪಂದ್ಯ ನಮ್ಮ ವಿರುದ್ಧವೇ ನಡೆದು 0–0ರಲ್ಲಿ ಮುಗಿಯಿತು. ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶ 1–0ರಿಂದ ಗೆದ್ದಿತು. ನಮ್ಮ ಮೇಲೆ ಅವರು ಗೆದ್ದದ್ದು ಇಪ್ಪತ್ತೆರಡು ವರ್ಷಗಳ ನಂತರ. ಹೊಸ ಪಾಸ್‌ಪೋರ್ಟ್ ಪಡೆದ ವಿಲಿಯಮ್ಸ್ ತಂಡದ ಜೊತೆ ಢಾಕಾಕ್ಕೆ ಹೋಗಿದ್ದರು. ಆಸ್ಟ್ರೇಲಿಯಾ ಕಡೆಯಿಂದ ಬರಬೇಕಿದ್ದ ಕಾಗದ ಸಕಾಲಕ್ಕೆ ಬಾರದೆ ಅಂಗಳಕ್ಕಿಳಿಯಲಿಲ್ಲ. ಮುಹೂರ್ತಕ್ಕೆ ಬಂದ ಮದುಮಗ ಚಪ್ಪರದ ಹೊರಗೆ ನಿಂತಂತಾಯಿತು.

ಬಾಂಗ್ಲಾದೇಶವನ್ನು ನೋಡಿ ನಮ್ಮವರು ತಕ್ಷಣ ದ್ವಿಪೌರತ್ವದ ಕಡೆ ಬೆರಳು ತೋರಿಸುತ್ತಾರೆ. ಇಂಡೊನೇಷ್ಯಾದ ಕಡೆಗೂ ಒಮ್ಮೆ ನೋಡಬೇಕು. ಅಲ್ಲಿಯೂ ವಯಸ್ಕರಿಗೆ ದ್ವಿಪೌರತ್ವ ಇಲ್ಲ, ನಮ್ಮ ಹಾಗೆಯೇ. ಆದರೂ ನೆದರ್‌ಲೆಂಡ್ಸ್‌ನಲ್ಲಿ ಹುಟ್ಟಿ ಬೆಳೆದ, ಇಂಡೊನೇಷ್ಯಾದ ಅಜ್ಜ ಅಜ್ಜಿಯರಿರುವ ಆಟಗಾರರನ್ನು ಸಂಸತ್ತಿನ ಒಪ್ಪಿಗೆಯೊಂದಿಗೆ ವಿಶೇಷ ದಾರಿಯಲ್ಲಿ ಬೇಗಬೇಗನೆ ಪ್ರಜೆಗಳನ್ನಾಗಿಸಿ ತಂಡ ಕಟ್ಟಿದರು. 2026ರ ವಿಶ್ವಕಪ್ ಅರ್ಹತೆಯಲ್ಲಿ ಏಷ್ಯಾದ ನಾಲ್ಕನೇ ಸುತ್ತಿನವರೆಗೆ ಹೋಗಿ, ಸೌದಿ ಅರೇಬಿಯಾ ಮತ್ತು ಇರಾಕ್‌ಗೆ ಸೋತು ನಿಂತರು. ಒಂದೇ ಪಾಸ್‌ಪೋರ್ಟಿನ ಕಾನೂನು ಅವರಿಗೂ ಇತ್ತು. ಇಲ್ಲದಿದ್ದದ್ದು ವರ್ಷಗಟ್ಟಲೆ ಕಾಯಿಸುವ ಚಾಳಿ. ಅವಸರದ ಅಪಾಯ ಏನೆಂಬುದನ್ನು ಮಲೇಷ್ಯಾ ತೋರಿಸಿಕೊಟ್ಟಿದೆ. ಅಜ್ಜ ಅಜ್ಜಿಯರ ಜನನ ಪತ್ರಗಳನ್ನು ತಿದ್ದಿ ಏಳು ಆಟಗಾರರನ್ನು ಆಡಿಸಿದ್ದಕ್ಕೆ ಫಿಫಾ 2025ರ ಸೆಪ್ಟೆಂಬರ್‌ನಲ್ಲಿ ಆ ಆಟಗಾರರ ಮೇಲೆ ಹನ್ನೆರಡು ತಿಂಗಳ ನಿಷೇಧ ಹೇರಿತು, ಅಲ್ಲಿನ ಫುಟ್‌ಬಾಲ್ ಸಂಸ್ಥೆಗೆ 3,50,000 ಸ್ವಿಸ್ ಫ್ರಾಂಕ್ ದಂಡ ಹಾಕಿತು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯುಕ್ತ ಹೋಲಿಕೆ ಅರಾತಾ ಬಿಟ್ಟುಬಂದ ಜಪಾನ್. ಅಲ್ಲಿಯ ಕಾನೂನೂ ಬೇರೆ ದೇಶದ ಪೌರತ್ವ ಪಡೆದವರನ್ನು ಉಳಿಸಿಕೊಳ್ಳುವುದಿಲ್ಲ, ಹೊಸದಾಗಿ ಬರುವವರು ಹಳೆಯದನ್ನು ಬಿಡಬೇಕು. ಆದರೂ ಜಪಾನ್ ತಂಡದಲ್ಲಿ ಬ್ರೆಜಿಲ್‌ನಲ್ಲಿ ಹುಟ್ಟಿದವರ ಒಂದು ಸಾಲೇ ಇದೆ. ರುಯ್ ರಾಮೋಸ್ 1977ರಲ್ಲಿ ಯೊಮಿಯುರಿ ಕ್ಲಬ್‌ಗೆ ಬಂದರು, 1989ರಲ್ಲಿ ಜಪಾನಿ ಪ್ರಜೆಯಾದರು, 1992ರಲ್ಲಿ ಜಪಾನ್ ಮೊದಲ ಏಷ್ಯಾ ಕಪ್ ಗೆದ್ದಾಗ ತಂಡದ ಮಧ್ಯದಲ್ಲಿದ್ದರು. ಆಮೇಲೆ ವಾಗ್ನರ್ ಲೋಪೆಸ್, ಅಲೆಸ್ಸಾಂಡ್ರೊ ಸಾಂಟೋಸ್, ಮಾರ್ಕಸ್ ತುಲಿಯೊ ತನಾಕಾ. ರಾಮೋಸ್ ಕೂಡ ಪೌರತ್ವ ಪಡೆದದ್ದು ಮೂವತ್ತರ ಆಸುಪಾಸಿನಲ್ಲೇ ಎಂಬುದನ್ನು ಗಮನಿಸಬೇಕು. ವಯಸ್ಸಾದ ಮೇಲೆ ಬಂದವರೂ ಉಪಯೋಗಕ್ಕೆ ಬರುತ್ತಾರೆ. ಆದರೆ ರಾಮೋಸ್ ಸುತ್ತ ನಡೆಯುತ್ತಿದ್ದದ್ದೇನು? ಕಂಪನಿ ತಂಡಗಳ ಕಾಲ ಮುಗಿದು ವೃತ್ತಿಪರ ಲೀಗ್ ಹುಟ್ಟುತ್ತಿತ್ತು. ಹತ್ತು ಕ್ಲಬ್‌ಗಳಿಂದ ಶುರುವಾದದ್ದು ಈಗ ಮೂರು ದರ್ಜೆಗಳಲ್ಲಿ ಅರವತ್ತು ಕ್ಲಬ್‌ಗಳಾಗಿ ನಿಂತಿದೆ. 1998ರಿಂದ ಜಪಾನ್ ಒಂದು ವಿಶ್ವಕಪ್ಪನ್ನೂ ತಪ್ಪಿಸಿಲ್ಲ. ಸಾರು ಕುದಿಯುತ್ತಿತ್ತು, ರಾಮೋಸ್ ಒಗ್ಗರಣೆಯಾಗಿ ಬಿದ್ದರು. ನಾವು ಬೇಳೆ ತೊಳೆಯುವ ಮೊದಲೇ ಸಾಸಿವೆ ಸಿಡಿಸಿದೆವು.

1962ರ ಜಕಾರ್ತಾ ಏಷ್ಯಾ ಕ್ರೀಡಾಕೂಟದಲ್ಲಿ ಭಾರತ ಇದೇ ಜಪಾನನ್ನು 2–0ರಿಂದ ಸೋಲಿಸಿತ್ತು ಎಂದು ಹಳಬರು ನೆನಪಿಸುತ್ತಾರೆ. ನಿಜ. ಆ ನೆನಪಿನಿಂದ ಈಗ ಹೊಟ್ಟೆ ತುಂಬುವುದಿಲ್ಲ.

ಬೇಳೆಯ ಮಾತು ಬಂದದ್ದರಿಂದ, ಅರಾತಾ ಆಡಿದ ಕ್ಲಬ್‌ಗಳ ಪಟ್ಟಿಯನ್ನು ಇನ್ನೊಮ್ಮೆ, ಈ ಸಲ ಬೇರೆ ಕಾರಣಕ್ಕೆ ಓದಬೇಕು. ಮಹೀಂದ್ರ ಯುನೈಟೆಡ್: ರಾಷ್ಟ್ರೀಯ ಲೀಗ್ ಗೆದ್ದಿದ್ದ ಕ್ಲಬ್, ಅವರು ಬಿಟ್ಟ ಮರುವರ್ಷ, 2010ರಲ್ಲಿ, ಮಾಲೀಕರೇ ಬಾಗಿಲು ಹಾಕಿದರು. ಪುಣೆ ಎಫ್‌ಸಿ: 2015ರಲ್ಲಿ ಮುಚ್ಚಿತು. ಅದೇ ಊರಿನ ಇನ್ನೊಂದು ಕ್ಲಬ್ ಎಫ್‌ಸಿ ಪುಣೆ ಸಿಟಿಗೆ ಅವರು 2016ರಲ್ಲಿ ಆಡಿದರು. ಅದು 2019ರಲ್ಲಿ ಕಣ್ಮರೆಯಾಗಿ, ಅದರ ಜಾಗಕ್ಕೆ ಹೈದರಾಬಾದ್ ಎಫ್‌ಸಿ ಬಂತು, 2025ರಲ್ಲಿ ಹೈದರಾಬಾದ್ ಕೂಡ ಊರು ಬಿಟ್ಟು ದೆಹಲಿಯ ಹೆಸರಿಟ್ಟುಕೊಂಡಿತು. ಪೆಲೆ ಎದುರು ಗೋಲು ಹೊಡೆದ ಕೋಲ್ಕತ್ತ ತಂಡ 2020ರಲ್ಲಿ ಮೋಹನ್ ಬಾಗಾನ್ ಜೊತೆ ಸೇರಿಹೋಯಿತು. ನಂತರ 2017–18ರಲ್ಲಿ ಆಡಿದ ಕೇರಳ ಬ್ಲಾಸ್ಟರ್ಸ್ ಇದೆ, ಮೊದಲು ಸೇರಿದ ಈಸ್ಟ್ ಬೆಂಗಾಲ್ ಇದೆ. ನಡುವಿನದ್ದೆಲ್ಲ ಅವರು ಕಾಲಿಟ್ಟು ಎತ್ತಿದ ಮೇಲೆ ಕುಸಿದ ಮೆಟ್ಟಿಲುಗಳಂತೆ.

ಒಬ್ಬ ಆಟಗಾರ ಒಂದು ದೇಶಕ್ಕಾಗಿ ತನ್ನ ಪಾಸ್‌ಪೋರ್ಟ್ ಬಿಡಬೇಕೇ ಎಂದು ನಾವು ಕೇಳುತ್ತೇವೆ. ಪಾಸ್‌ಪೋರ್ಟ್ ಬಿಟ್ಟು ಬಂದವನಿಗೆ ಆ ದೇಶದ ಫುಟ್‌ಬಾಲ್ ಏನು ಖಾತ್ರಿ ಕೊಡುತ್ತದೆ ಎಂಬ ಪ್ರಶ್ನೆ ಯಾರ ಬಾಯಲ್ಲೂ ಇಲ್ಲ. ವಿಲಿಯಮ್ಸ್ ಪೌರತ್ವ ಪಡೆದ ತಿಂಗಳನ್ನೇ ತೆಗೆದುಕೊಳ್ಳಿ. ಫೆಡರೇಷನ್ ಮತ್ತು ಲೀಗ್ ನಡೆಸುವ ಸಂಸ್ಥೆಯ ನಡುವಿನ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ಮುಂದೇನೆಂದು ಯಾರಿಗೂ ಖಚಿತವಿಲ್ಲದೆ ಜುಲೈನಲ್ಲೇ ಇಂಡಿಯನ್ ಸೂಪರ್ ಲೀಗ್ ತಡೆಹಿಡಿಯಲ್ಪಟ್ಟಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಅಕ್ಟೋಬರ್ 14ರಂದು ಮಡಗಾಂವ್‌ನಲ್ಲಿ ಸಿಂಗಪುರಕ್ಕೆ 1–2ರಿಂದ ಸೋತು ಭಾರತ 2027ರ ಏಷ್ಯಾ ಕಪ್‌ನಿಂದ ಹೊರಬಿದ್ದಿತ್ತು. ಲೀಗ್‌ಗೆ ದಿನಾಂಕವಿಲ್ಲ, ಕ್ಲಬ್‌ನಲ್ಲಿ ಸಂಬಳದ ಭರವಸೆಯಿಲ್ಲ, ರಾಷ್ಟ್ರೀಯ ತಂಡಕ್ಕೆ ಗೆಲ್ಲಬೇಕಾದ ಟೂರ್ನಿಯಿಲ್ಲ. ಆ ನವೆಂಬರ್‌ನಲ್ಲಿ ಅವರು ಆಸ್ಟ್ರೇಲಿಯಾದ ಪೌರತ್ವ ಬಿಟ್ಟುಕೊಟ್ಟರು. ಕೊನೆಗೆ 2026ರ ಫೆಬ್ರುವರಿಯಲ್ಲಿ ಲೀಗ್ ಮೊಟಕಾದ ರೂಪದಲ್ಲಿ ಆರಂಭವಾಯಿತು. ಕೊಟ್ಟವನು ಕೋಡಂಗಿ ಎಂಬ ಗಾದೆ ಇಂಥ ಹೊತ್ತಿಗೆ ನೆನಪಾದರೆ ತಪ್ಪು ನಮ್ಮದಲ್ಲ.

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಹೊಸ ಕ್ರೀಡಾ ನೀತಿ, ವಿದೇಶದಲ್ಲಿರುವ ಭಾರತೀಯ ಮೂಲದ ಪ್ರತಿಭಾವಂತ ಆಟಗಾರರು ಬಂದು ಭಾರತಕ್ಕೆ ಆಡುವುದನ್ನು ಸಾಧ್ಯವಿರುವೆಡೆ ಪ್ರೋತ್ಸಾಹಿಸಬಹುದು ಎನ್ನುತ್ತದೆ. ‘ಸಾಧ್ಯವಿರುವೆಡೆ’ ಎಂಬ ಪದವನ್ನು ಸರ್ಕಾರಿ ಕಡತ ಓದಿ ಅಭ್ಯಾಸವಿರುವವರು ಎರಡು ಸಲ ಓದುತ್ತಾರೆ. ಅದಕ್ಕೆ ಅರ್ಥ ಬರಬೇಕಾದರೆ ಮಾಡಬೇಕಾದ ಕೆಲಸ ಸಂವಿಧಾನದ ತಿದ್ದುಪಡಿಯಷ್ಟು ದೊಡ್ಡದಲ್ಲ. ಹದಿನೇಳು ಹದಿನೆಂಟರ ವಯಸ್ಸಿನ, ತಂದೆಯೋ ತಾಯಿಯೋ ಅಜ್ಜಿಯೋ ಭಾರತೀಯರಾಗಿರುವ, ಇನ್ನೂ ಯಾವ ದೇಶಕ್ಕೂ ಆಡದ ಹುಡುಗ ಹುಡುಗಿಯರಿಗೆ ವಾಸದ ಷರತ್ತನ್ನು ಸಡಿಲಿಸುವುದು ಆಡಳಿತದ ನಿರ್ಧಾರದ ವ್ಯಾಪ್ತಿಯಲ್ಲೇ ಇರುವ ಮಾತು. ಇಂಡೊನೇಷ್ಯಾ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ. ಆದರೂ ಎಷ್ಟು ಮಂದಿ ಬಂದಾರು ಎಂದು ಕೇಳಿದರೆ, ಇಲ್ಲಿ ಹತ್ತು ವರ್ಷ ಬಾಳುವ ಕ್ಲಬ್ ಇದೆ ಎಂದು ತೋರಿಸುವವರೆಗೆ ಬೆರಳೆಣಿಕೆಯವರೇ ಎಂಬುದು ನನ್ನ ಊಹೆ.

ಅರಾತಾ ಆಟ ನಿಲ್ಲಿಸಿದ ಮೇಲೆ ಜಪಾನಿಗೆ ಮರಳಲಿಲ್ಲ. ನವಿ ಮುಂಬೈಯಲ್ಲಿ ರಿಲಯನ್ಸ್ ಫೌಂಡೇಷನ್ ಯಂಗ್ ಚಾಂಪ್ಸ್ ಎಂಬ ವಸತಿ ಅಕಾಡೆಮಿಯಲ್ಲಿ ತರಬೇತುದಾರರಾದರು. ದೇಶದ ಬೇರೆಬೇರೆ ಮೂಲೆಗಳಿಂದ ಹನ್ನೊಂದು ಹನ್ನೆರಡರ ಹುಡುಗರನ್ನು ಆರಿಸಿ ತಂದು, ಊಟ, ಶಾಲೆ, ಆಟ ಮೂರನ್ನೂ ಒಂದೇ ಆವರಣದಲ್ಲಿ ಕಲಿಸುವ ಜಾಗ ಅದು. ಯಾಮಾಗುಚಿಯಲ್ಲಿ ಹುಡುಗನಾಗಿದ್ದಾಗ ತಾವು ಕಂಡ ಫುಟ್‌ಬಾಲಿಗೂ ಇದಕ್ಕೂ ಇರುವ ಅಂತರವನ್ನು ಅವರಷ್ಟು ಚೆನ್ನಾಗಿ ಅಳೆಯಬಲ್ಲವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಅವರ ಕೈಯಲ್ಲಿ ಪಳಗಿದ ಹುಡುಗರಲ್ಲಿ ಅನೇಕರು, ಅವರು ಚೀಲ ಹೊತ್ತು ಕೋಲ್ಕತ್ತದಲ್ಲಿ ಇಳಿದ 2006ರ ಹೊತ್ತಿಗೆ ಇನ್ನೂ ತೊಟ್ಟಿಲಲ್ಲಿದ್ದವರು, ಕೆಲವರು ಹುಟ್ಟಿಯೂ ಇರದವರು. ಈಗ ಆ ಹುಡುಗರಿಗೆ ಲೀಗ್ ಆಡುವ ವಯಸ್ಸು. ಅವರ ಮುಂದಿರುವ ಕಾಗದದಲ್ಲಿ ಪಾಸ್‌ಪೋರ್ಟ್‌ನ ಪ್ರಶ್ನೆಯಿಲ್ಲ. ಯಾವ ಕ್ಲಬ್, ಎಷ್ಟು ತಿಂಗಳು ಎಂಬ ಎರಡು ಖಾಲಿ ಗೆರೆಗಳಿವೆ.